ಹುಣ್ಣಿನ ಅಳತೆ

ನಮ್ಮ ಜಂಗಮಕೋಟೆ ಸೀಮೆಯವರಿಗೆ ಲೆಕ್ಕದ ಗೀಳು ತುಸು ಹೆಚ್ಚು. ಇದು ರೇಷ್ಮೆ ಕಲಿಸಿದ ಗೀಳು. 100 ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂತು, ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಇಳಿಯಿತು, ಹುಳು ಎಷ್ಟನೆಯ ಜ್ವರದಲ್ಲಿದೆ, ಹಣ್ಣಾಗಿ ಚಂದ್ರಿಕೆಗೆ ಹತ್ತಲು ಇನ್ನೆಷ್ಟು ದಿನ, ಅಷ್ಟರಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ದರ ಎಲ್ಲಿ ನಿಂತಿರುತ್ತದೆ ಎಂದು ಓದು ಬರಹ ಬಾರದ ಮುದುಕಿಯೂ ಬಾಯಿಲೆಕ್ಕದಲ್ಲಿ ಹೇಳಿಯಾಳು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿತೆಂದರೆ ಬೆಳೆ ಕೈಗೆ ಬಂದಂತೆ. ಮೊಟ್ಟೆಯೊಡೆದು ಗೂಡು ಬಿಡಿಸುವವರೆಗೆ ಹೆಚ್ಚೂಕಡಿಮೆ ಒಂದು ತಿಂಗಳು. ಎರಡನೆಯ ವಾರದಲ್ಲೇ ಬೆಳೆ ಏಳುತ್ತದೋ ಬೀಳುತ್ತದೋ ಎಂದು ಅನುಭವಸ್ಥರು ಹೇಳಿಬಿಡುತ್ತಾರೆ.

ಸಕ್ಕರೆ ಕಾಯಿಲೆ ಬಂದ ಮೇಲೆ ಅದಕ್ಕೂ ಈ ಗೀಳು ಅಂಟಿತು. ಜಂಗಮಕೋಟೆ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಇಬ್ಬರು ಭೇಟಿಯಾದರೆ ಮಳೆ ಬೆಳೆ ವಿಚಾರ ಮುಗಿದ ಮೇಲೆ "ನಿಂದೆಷ್ಟು?" "ಊಟಕ್ಕೆ ಮುಂಚೆ ನೂರಾ ಅರವತ್ತು" ಎಂದು ಮಾತು ಹೊರಳುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟಿಸಿತು. ಇವರಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಪಾದದಲ್ಲಿ ಹುಣ್ಣಾಗುತ್ತದೆ. ವಿಚಿತ್ರವೆಂದರೆ ರಕ್ತದ ಸಕ್ಕರೆಯನ್ನು ಅಂಕಿಯಲ್ಲಿ ಹೇಳುವ ಇದೇ ಜನ ಈ ಹುಣ್ಣಿನ ವಿಚಾರಕ್ಕೆ ಬಂದಾಗ ಅಂಕಿ ಬಿಟ್ಟುಬಿಡುತ್ತಾರೆ. "ಪರವಾಗಿಲ್ಲ", "ಒಣಗ್ತಾ ಇದೆ", "ಹಂಗೇ ಇದೆ" ಎಂಬ ಮೂರು ಮಾತುಗಳಲ್ಲೇ ಆರು ತಿಂಗಳು ಕಳೆಯುತ್ತದೆ. ಆಮೇಲೆ ಒಂದು ದಿನ ಮಂಡಿಯ ಕೆಳಗೆ ಕಾಲು ತೆಗೆದರಂತೆ ಎಂಬ ಸುದ್ದಿ ಬರುತ್ತದೆ. ಹುಣ್ಣಿಗೂ ಒಂದು ಅಳತೆ ಇದೆ, ಅದು ಮಾಯುವುದನ್ನು ಮುಂಚಿತವಾಗಿ ಅಂದಾಜು ಮಾಡುವ ವಿಧಾನವೊಂದಿದೆ, ಆ ವಿಧಾನಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ ಎಂಬುದು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆ ಚರಿತ್ರೆಯ ಒಂದು ಮುಖ್ಯ ತುಂಡು ನಮ್ಮಿಂದ ದೂರವಲ್ಲದ ವೆಲ್ಲೂರಿನಲ್ಲೇ ನಡೆದದ್ದು.

ಗಾಯ ಮಾಯುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವ ಆಸೆ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, 23ನೆಯ ಅಧ್ಯಾಯದಲ್ಲಿ, ಯಾರ ವ್ರಣ ಸುಲಭವಾಗಿ ವಾಸಿಯಾಗುತ್ತದೆ, ಯಾರದು ಕಷ್ಟದಿಂದ ವಾಸಿಯಾಗುತ್ತದೆ ಎಂಬ ವಿಂಗಡಣೆಯಿದೆ. ಪ್ರಾಯದವರು, ಗಟ್ಟಿಮುಟ್ಟಾದವರು ಸುಲಭದ ಪಟ್ಟಿಯಲ್ಲಿದ್ದಾರೆ. ಕಷ್ಟದ ಪಟ್ಟಿಯಲ್ಲಿ ಕುಷ್ಠ ಇರುವವರು, ವಿಷ ತಗುಲಿದವರು, ಸೊರಗಿದವರು, ಮಧುಮೇಹದವರು. ಕುಷ್ಠವನ್ನೂ ಮಧುಮೇಹವನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಓದುಗರು ನೆನಪಿನಲ್ಲಿಡಬೇಕು. ಇವೆರಡರ ನಂಟು ಎಷ್ಟೋ ಶತಮಾನಗಳ ನಂತರ ಇನ್ನೊಂದು ದಾರಿಯಲ್ಲಿ ತಿರುಗಿ ಬರುತ್ತದೆ. ಸುಶ್ರುತನ ಮಾತು ಬಹುಮಟ್ಟಿಗೆ ನಿಜ. ಆದರೆ ಅದು ರೋಗಿಯ ಜಾತಕ ಹೇಳಿತೇ ಹೊರತು ಎದುರಿಗಿರುವ ಈ ಹುಣ್ಣಿನ ನಡೆ ಹೇಳಲಿಲ್ಲ. ಅದಕ್ಕೆ ಅಂಕಿ ಬೇಕಾಗಿತ್ತು.

ಅಂಕಿ ಹುಟ್ಟಿದ್ದು ಯುದ್ಧದಲ್ಲಿ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಕಾಂಪಿಯೇನ್ ಎಂಬ ಊರಿನ ಹೋಟೆಲೊಂದನ್ನು ಆಸ್ಪತ್ರೆಯಾಗಿ ಮಾರ್ಪಡಿಸಿ, ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ನೆರವಿನಿಂದ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯ ಗಾಯಾಳು ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ. ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕಾಗಿ 1912ರಲ್ಲಿ ನೊಬೆಲ್ ಪಡೆದವನು ಈತ. (ಮುಂದೆ ಮನುಷ್ಯರಲ್ಲಿ ಯೋಗ್ಯರು ಅಯೋಗ್ಯರು ಎಂದು ವಿಂಗಡಿಸುವ ಕ್ರೂರ ವಿಚಾರಗಳನ್ನು ಪ್ರಚಾರ ಮಾಡಿ ಹೆಸರು ಕೆಡಿಸಿಕೊಂಡ. ಕೈ ಚೆನ್ನಾಗಿದ್ದವರ ತಲೆಯೂ ಚೆನ್ನಾಗಿರಬೇಕೆಂದಿಲ್ಲ.) ಕೀವು ತುಂಬಿದ ಗಾಯಗಳನ್ನು ತೊಳೆಯಲು ಕ್ಯಾರೆಲ್ ಮತ್ತು ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಸೇರಿ ಒಂದು ದ್ರಾವಣವನ್ನು ಬಳಕೆಗೆ ತಂದರು. ನಾವು ಹುಳು ಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ಹತ್ತಿರದ ನೆಂಟ ಅದು. ಹಾಗೆಂದು ಯಾರೂ ಬ್ಲೀಚಿಂಗ್ ಪುಡಿಯನ್ನು ಹುಣ್ಣಿಗೆ ಹಾಕಿಕೊಳ್ಳಬಾರದು; ಅವರು ಅದನ್ನು ಹದವರಿತು ತಿಳಿ ಮಾಡಿದ್ದರು.

ದ್ರಾವಣದಿಂದ ನಿಜಕ್ಕೂ ಗುಣ ಆಗುತ್ತಿದೆಯೇ ಎಂದು ತಿಳಿಯುವುದು ಹೇಗೆ? "ನೋಡಿದರೆ ಗೊತ್ತಾಗುತ್ತದೆ" ಎಂಬ ಉತ್ತರ ಕ್ಯಾರೆಲ್‌ಗೆ ಹಿಡಿಸಲಿಲ್ಲ. ಗಾಯದ ಮೇಲೆ ಶುದ್ಧ ಮಾಡಿದ ಸೆಲೊಫೇನ್ ಹಾಳೆ ಇಟ್ಟು ಅಂಚನ್ನು ಪೆನ್ಸಿಲಿನಿಂದ ಬರೆದುಕೊಂಡರು. ಅದನ್ನು ಕಾಗದಕ್ಕೆ ಇಳಿಸಿ, ಭೂಪಟದ ಮೇಲೆ ಅಂಕುಡೊಂಕಾದ ಜಮೀನಿನ ವಿಸ್ತೀರ್ಣ ತೆಗೆಯಲು ಬಳಸುವ ಪ್ಲಾನಿಮೀಟರ್ ಎಂಬ ಉಪಕರಣದಿಂದ ಅಳೆದರು. ನಾಲ್ಕು ದಿನಕ್ಕೊಮ್ಮೆ ಇದೇ ಕೆಲಸ. ಹೀಗೆ ಕೂಡಿದ ಅಂಕಿಗಳಿಗೆ ಸೂತ್ರ ಕೊಟ್ಟವನು ಪಿಯರ್ ಲಕೋಂತ್ ದು ನೂಯಿ. 1916ರಿಂದ ಈ ಲೇಖನಗಳು ಒಂದೊಂದಾಗಿ ಅಚ್ಚಾದವು. ಗಾಯದ ವಿಸ್ತೀರ್ಣ ಮತ್ತು ಗಾಯಾಳುವಿನ ವಯಸ್ಸು ಗೊತ್ತಿದ್ದರೆ ಅದು ಮುಚ್ಚುವ ದಿನವನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು ಎಂದು ಆತ ತೋರಿಸಿದ. 20 ವರ್ಷದವನ ಗಾಯ 40 ವರ್ಷದವನ ಅಷ್ಟೇ ದೊಡ್ಡ ಗಾಯಕ್ಕಿಂತ ಬೇಗ ಮುಚ್ಚುತ್ತಿತ್ತು. ಪ್ರಾಯದವರ ವ್ರಣ ಸುಲಭ ಎಂಬ ಹಳೆಯ ಮಾತಿಗೆ ಈಗ ಗೆರೆ ಎಳೆದ ನಕ್ಷೆ ಸಿಕ್ಕಿತು. ನಮಗೆ ಇನ್ನೂ ಉಪಯೋಗದ ಸಂಗತಿ ಬೇರೆ. ಗಾಯ ಲೆಕ್ಕದ ಗೆರೆಯಿಂದ ಹಿಂದೆ ಬಿದ್ದರೆ ಒಳಗೆ ಸೋಂಕು ಇದೆಯೆಂದು ವೈದ್ಯರು ಅನುಮಾನಿಸುತ್ತಿದ್ದರು. ಎಂದರೆ ಭವಿಷ್ಯ ಹೇಳುವ ಉದ್ದೇಶ ಭವಿಷ್ಯ ನಿಜವಾಗಲಿ ಎಂದಲ್ಲ; ಸುಳ್ಳಾದಾಗ ಎಚ್ಚರವಾಗಲಿ ಎಂದು.

ದು ನೂಯಿಯ ಸೂತ್ರವನ್ನು ತಂದು ಮಧುಮೇಹಿಯ ಪಾದಕ್ಕೆ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಸೈನಿಕ ಹಾಸಿಗೆಯಲ್ಲಿ ಮಲಗಿದ್ದ. ಅವನ ನರ, ರಕ್ತನಾಳಗಳು ಚೆನ್ನಾಗಿದ್ದವು. ಮಧುಮೇಹ ಹಳೆಯದಾದಂತೆ ಪಾದದ ನರಗಳು ಸಾಯುತ್ತವೆ, ಜೋಮು ಹಿಡಿದಂತಾಗಿ ಕೊನೆಗೆ ಸ್ಪರ್ಶವೇ ತಿಳಿಯುವುದಿಲ್ಲ. ಕೆಲವರಲ್ಲಿ ರಕ್ತನಾಳಗಳೂ ಕಿರಿದಾಗುತ್ತವೆ. ಹುಣ್ಣು ಅಂಗಾಲಿನಲ್ಲಿದ್ದರೂ ನೋವಿಲ್ಲ. ನೋವಿಲ್ಲದ್ದರಿಂದ ಮನುಷ್ಯ ಕುಂಟುವುದಿಲ್ಲ. ಕುಂಟದೆ ನಡೆಯುವುದರಿಂದ ಹುಣ್ಣು ಮಾಯುವುದಿಲ್ಲ. ಅಂಥ ಕಾಲನ್ನು ವಾರವಾರ ಅಳೆದರೆ ನಾವು ಅಳೆಯುವುದು ಹುಣ್ಣನ್ನಲ್ಲ, ಅವನ ಓಡಾಟವನ್ನು.

ಈ ಗುಟ್ಟು ಬಿಡಿಸಿದ್ದು ಕುಷ್ಠ ರೋಗಿಗಳ ಪಾದಗಳು. ಪಾಲ್ ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದವರು. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕೈಮೀರಿದ ಕಾಯಿಲೆಗೆ ವೆಲ್ಲೂರಿಗೆ ಹೋಗುವುದು ನಮ್ಮ ಹಳೆಯ ಕೋಲಾರ ಜಿಲ್ಲೆಯವರಿಗೆ ಇಂದಿಗೂ ವಾಡಿಕೆ; ಆ ಕಾಲಕ್ಕೆ ಅಲ್ಲಿ ಇಂಥದೊಂದು ಸಂಶೋಧನೆ ನಡೆಯುತ್ತಿತ್ತೆಂದು ಹೋಗಿಬಂದವರಾರಿಗೂ ತಿಳಿದಿರಲಾರದು. ಕುಷ್ಠದವರ ಮಾಂಸವೇ ಕೊಳೆಯುವಂಥದ್ದು, ಅವರ ಹುಣ್ಣು ಮಾಯದು ಎಂಬುದು ಆಗಿನ ನಂಬಿಕೆ. ಬ್ರ್ಯಾಂಡ್ ಕಂಡದ್ದು ಬೇರೆ. ಪಾದಕ್ಕೆ ಭಾರ ಬೀಳದಂತೆ ಪ್ಲಾಸ್ಟರ್ ಹಾಕಿ ಕೂರಿಸಿದರೆ ಆ ಮಾಂಸವೂ ಎಲ್ಲರ ಮಾಂಸದಂತೆಯೇ ಕೂಡಿಕೊಳ್ಳುತ್ತಿತ್ತು. ಕೆಟ್ಟದ್ದು ಮಾಂಸವಲ್ಲ, ನೋವು ಎಂಬ ಕಾವಲುಗಾರ ಇಲ್ಲದ್ದು. ಪ್ಲಾಸ್ಟರಿನ ಉಪಾಯ ಅವರೇ ಮೊದಲು ಕಂಡದ್ದಲ್ಲ. 1930ರ ದಶಕದಲ್ಲಿ ಸಿಲೋನಿನಲ್ಲಿ ಮಿಲ್ರಾಯ್ ಪಾಲ್, ಭಾರತದಲ್ಲಿ ಜೋಸೆಫ್ ಖಾನ್ ಎಂಬ ವೈದ್ಯರು ಕುಷ್ಠದ ಹುಣ್ಣಿಗೆ ಅದನ್ನು ಬಳಸಿದ್ದರು. ಬ್ರ್ಯಾಂಡ್ ಅದನ್ನು ಶಾಸ್ತ್ರವಾಗಿ ಬೆಳೆಸಿದರು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳು ರೂಢಿಗೆ ಬಂದದ್ದೂ ಆ ಬಳಗದಿಂದಲೇ. ಎಂ.ಸಿ.ಆರ್. ಚಪ್ಪಲಿ ಎಂದು ಇಂದಿಗೂ ಕರೆಯುವುದು ಅದನ್ನೇ.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾದಲ್ಲಿರುವ ಕಾರ್‌ವಿಲ್ ಕುಷ್ಠ ಆಸ್ಪತ್ರೆಗೆ ಹೋದರು. ಅಲ್ಲಿ ಇಲಿಗಳ ಅಂಗಾಲನ್ನು ಯಂತ್ರದಿಂದ ಹಗುರವಾಗಿ, ಆದರೆ ದಿನಕ್ಕೆ ಸಾವಿರಾರು ಸಲ ಒತ್ತಿಸಿ, ಒಂದೇ ಒಂದು ಪೆಟ್ಟಿಲ್ಲದೆ ಬರೀ ನಡಿಗೆಯಂಥ ಒತ್ತಡದಿಂದಲೇ ಹುಣ್ಣಾಗುವುದನ್ನು ತೋರಿಸಿದರು. ಅಮೆರಿಕದಲ್ಲಿ ಕುಷ್ಠ ರೋಗಿಗಳು ಕಡಿಮೆ, ಸ್ಪರ್ಶಗೆಟ್ಟ ಪಾದದ ಮಧುಮೇಹಿಗಳು ಲೆಕ್ಕವಿಲ್ಲದಷ್ಟು. ಹೀಗೆ ನಮ್ಮ ಕಡೆಯ ಕುಷ್ಠದವರ ಪ್ಲಾಸ್ಟರ್ ಅಲ್ಲಿಯ ಸಕ್ಕರೆ ಕಾಯಿಲೆಯವರ ಕಾಲಿಗೇರಿತು. 1989ರಲ್ಲಿ ಅಮೆರಿಕದಲ್ಲಿ 40 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ ಪ್ಲಾಸ್ಟರ್ ಹಾಕಿದ 21 ಹುಣ್ಣುಗಳಲ್ಲಿ 19 ಮಾಯ್ದವು, ಅದೂ ಸರಾಸರಿ 42 ದಿನಗಳಲ್ಲಿ. ಬರೀ ಡ್ರೆಸಿಂಗ್ ಮಾಡಿಸಿಕೊಂಡ 19ರಲ್ಲಿ ಮಾಯ್ದದ್ದು 6. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಂಕಿಯಿಲ್ಲ. ದುಬಾರಿ ಮುಲಾಮುಗಳ ಜಾಹೀರಾತು ನೋಡಿದಾಗಲೆಲ್ಲ ಈ 19 ಮತ್ತು 6 ನೆನಪಾಗುತ್ತದೆ. ರಕ್ತ ಸರಿಯಾಗಿ ಹರಿಯದ ಕಾಲಿಗೆ, ಸೋಂಕು ಕೆರಳಿರುವ ಕಾಲಿಗೆ ಹೀಗೆ ಸುಮ್ಮನೆ ಪ್ಲಾಸ್ಟರ್ ಹಾಕುವಂತಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಕಾಲಿನ ಭಾರ ಇಳಿಸಿದ ಮೇಲೆ ಅಳತೆಗೆ ಅರ್ಥ ಬಂತು. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನಾದ್ದರಿಂದ ಈ ಭಾಗವನ್ನು ಬೇಗ ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಸಾಮಾನ್ಯವಾಗಿ ಹುಣ್ಣಿನ ಉದ್ದ, ಅಗಲ ನೋಡಿ ಗುಣಿಸುತ್ತಾರೆ. 4 ಸೆಂಟಿಮೀಟರ್ ಉದ್ದ, 3 ಅಗಲ, ಒಟ್ಟು 12 ಚದರ ಸೆಂಟಿಮೀಟರ್. ಹುಣ್ಣು ಇಟ್ಟಿಗೆಯಲ್ಲ, ಮೊಟ್ಟೆಯಾಕಾರದ್ದು. ಅದರ ನಿಜವಾದ ವಿಸ್ತೀರ್ಣ ಸುಮಾರು 9.4. ತಪ್ಪು ಪ್ರತಿ ಸಲವೂ ಒಂದೇ ಥರ ಆದರೆ ಅಷ್ಟು ಹಾನಿಯಿಲ್ಲ. ಆದರೆ ಮಾಯುವ ಹುಣ್ಣು ಆಕಾರ ಬದಲಿಸುತ್ತಾ ಹೋಗುತ್ತದೆ. ಅದಕ್ಕೇ ಪಾರದರ್ಶಕ ಹಾಳೆಯ ಮೇಲೆ ಅಂಚು ಬರೆದು, ಚೌಕುಳಿ ಕಾಗದದ ಮೇಲಿಟ್ಟು, ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕವನ್ನು ಒಂದೆಂದೂ ಕಡಿಮೆಯದನ್ನು ಸೊನ್ನೆಯೆಂದೂ ಎಣಿಸುವುದು ಮೇಲು. ಮಕ್ಕಳಿಗೆ ನಾನು ಎಲೆಯ ವಿಸ್ತೀರ್ಣ ತೆಗೆಯಲು ಕಲಿಸುತ್ತಿದ್ದ ವಿಧಾನವೇ ಇದು. ನಾವು ಹಿಪ್ಪುನೇರಳೆ ಎಲೆಯನ್ನು ಇಡುತ್ತಿದ್ದೆವು.

ಇನ್ನೊಂದು ಮೋಸವಿದೆ. 4 ಸೆಂಟಿಮೀಟರ್ ವ್ಯಾಸದ ಒಂದು ದುಂಡನೆಯ ಹುಣ್ಣು, 1 ಸೆಂಟಿಮೀಟರಿನ ಇನ್ನೊಂದು. ಎರಡರಲ್ಲೂ ವಾರದಲ್ಲಿ ಹೊಸ ಚರ್ಮ ಅಂಚಿನಿಂದ ಒಳಕ್ಕೆ 1 ಮಿಲಿಮೀಟರ್ ಬೆಳೆಯಿತು ಅನ್ನೋಣ. ದೊಡ್ಡದು ತನ್ನ ವಿಸ್ತೀರ್ಣದಲ್ಲಿ ಶೇಕಡ 10ರಷ್ಟು ಮಾತ್ರ ಕಳೆದುಕೊಳ್ಳುತ್ತದೆ, ಚಿಕ್ಕದು ಶೇಕಡ 36. ಚದರ ಸೆಂಟಿಮೀಟರಿನಲ್ಲಿ ನೋಡಿದರೆ ದೊಡ್ಡದೇ ಹೆಚ್ಚು ಮಾಯ್ದಂತೆ ಕಾಣುತ್ತದೆ. ಅಂಚು ಓಡಿದ ವೇಗ ಮಾತ್ರ ಎರಡರಲ್ಲೂ ಒಂದೇ. ಇದನ್ನು ಸರಿದೂಗಿಸಲು 1990ರಲ್ಲಿ ಗಿಲ್‌ಮನ್ ಎಂಬಾತ ಕಡಿಮೆಯಾದ ವಿಸ್ತೀರ್ಣವನ್ನು ಸರಾಸರಿ ಸುತ್ತಳತೆಯಿಂದ ಭಾಗಿಸಬೇಕೆಂದು ಸೂಚಿಸಿದ. ಭಾಗಿಸಿ ನೋಡಿ, ಎರಡಕ್ಕೂ 1 ಮಿಲಿಮೀಟರೇ ಬರುತ್ತದೆ. ಇಷ್ಟು ಸರಳವಾದದ್ದು 1990ರವರೆಗೆ ಯಾಕೆ ಕಾಯಬೇಕಾಯಿತೋ! ಅಳತೆಗೆ ಮುಂಚೆ ಸುತ್ತಲಿನ ಆಣಿಯಂಥ ದಡ್ಡುಚರ್ಮವನ್ನೂ ಸತ್ತ ಭಾಗವನ್ನೂ ವೈದ್ಯರು ಕತ್ತರಿಸಿ ತೆಗೆದಿರಬೇಕು. ತೆಗೆದ ದಿನ ಹುಣ್ಣು ದೊಡ್ಡದಾದಂತೆ ಕಂಡು ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಅದು ದೊಡ್ಡದಾದದ್ದಲ್ಲ, ಇದ್ದಷ್ಟು ಕಂಡದ್ದು.

ಇನ್ನು ಭವಿಷ್ಯ. ಎಷ್ಟು ವಾರ ಅಳೆದರೆ ಹುಣ್ಣಿನ ಗತಿ ಹೇಳಬಹುದು? 2003ರಲ್ಲಿ ಶೀಹನ್ ಮತ್ತು ಸಂಗಡಿಗರು 203 ಮಧುಮೇಹಿಗಳ ಪಾದದ ಹುಣ್ಣನ್ನು 12 ವಾರ ಹಿಂಬಾಲಿಸಿದ ವರದಿ ಪ್ರಕಟಿಸಿದರು. ಕೊನೆಗೆ ಪೂರ್ತಿ ಮಾಯ್ದ ಹುಣ್ಣುಗಳು ನಾಲ್ಕನೆಯ ವಾರಕ್ಕೇ ಸರಾಸರಿ ಶೇಕಡ 82ರಷ್ಟು ಕುಗ್ಗಿದ್ದವು. ಮಾಯದವು ಶೇಕಡ 25 ಮಾತ್ರ. ನಾಲ್ಕು ವಾರದಲ್ಲಿ ಸುಮಾರು ಅರ್ಧದಷ್ಟು, ಸರಿಯಾಗಿ ಹೇಳಬೇಕೆಂದರೆ ಶೇಕಡ 53ಕ್ಕಿಂತ ಹೆಚ್ಚು ಕುಗ್ಗಿದವರಲ್ಲಿ ನೂರಕ್ಕೆ 58 ಮಂದಿ 12 ವಾರಕ್ಕೆ ಗುಣವಾದರು. ಅದಕ್ಕಿಂತ ಕಡಿಮೆ ಕುಗ್ಗಿದವರಲ್ಲಿ ನೂರಕ್ಕೆ 9. ಈ ಎರಡು ಅಂಕಿಗಳನ್ನು ಸರಿಯಾಗಿ ಓದಬೇಕು. ಒಳ್ಳೆಯ ಗುಂಪಿನಲ್ಲೂ 42 ಮಂದಿ 12 ವಾರದಲ್ಲಿ ಗುಣವಾಗಿರಲಿಲ್ಲ. ಆದ್ದರಿಂದ "ನಿಮ್ಮದು ಮಾಯುತ್ತದೆ" ಎಂದು ಹೇಳಲು ಈ ಅಳತೆ ಅಷ್ಟೇನೂ ಗಟ್ಟಿಯಲ್ಲ. "ಹೀಗೇ ಬಿಟ್ಟರೆ ಮಾಯುವುದಿಲ್ಲ" ಎಂದು ಹೇಳಲು ಬಹಳ ಗಟ್ಟಿ. ನಮಗೆ ಬೇಕಾದದ್ದೂ ಎರಡನೆಯದೇ. ಆಗ ಚಿಕಿತ್ಸೆಯನ್ನು ಮತ್ತೆ ಮೊದಲಿನಿಂದ ನೋಡಬೇಕು: ಕಾಲಿಗೆ ಭಾರ ಬೀಳುತ್ತಿದೆಯೇ, ರಕ್ತ ಹರಿಯುತ್ತಿದೆಯೇ, ಸೋಂಕು ಮೂಳೆಗೆ ಇಳಿದಿದೆಯೇ.

ನಮ್ಮ ಚಿಕ್ಕಪ್ಪನ ಕಾಲಿನ ವಿಷಯ ಇಲ್ಲಿ ಹೇಳುವುದು ತಪ್ಪಾಗಲಾರದು. ಕೊನೆಯ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಬೇಕು. ಬರಿಗಾಲಲ್ಲಿ ತೋಟಕ್ಕಿಳಿದಿದ್ದ ಅವರಿಗೆ, ಕೊಯ್ದ ಹಿಪ್ಪುನೇರಳೆಯ ಕೂಳೆ ಹೆಬ್ಬೆರಳ ಬುಡಕ್ಕೆ ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ. ಹುಳು ಮನೆಯ ಸಿಮೆಂಟಿನ ಮೇಲೆ ರಕ್ತದ ಹೆಜ್ಜೆ ಕಂಡವರು ಚಿಕ್ಕಮ್ಮ. ಹತ್ತಿರದ ಒಂದು ದವಾಖಾನೆಯಲ್ಲಿ ಐದು ತಿಂಗಳು ಡ್ರೆಸಿಂಗ್ ನಡೆಯಿತು. ನಾವು ಕೇಳಿದಾಗಲೆಲ್ಲ ಸಿಗುತ್ತಿದ್ದ ಉತ್ತರ "ಪರವಾಗಿಲ್ಲ". ಚಿಕ್ಕಪ್ಪ ಮಾತ್ರ ಒಂದು ದಿನ ಗೊಣಗಿದರು: "ಹುಳ ಹಣ್ಣಾಗಾಕೆ ಇಪ್ಪತ್ತೈದು ದಿನ ಸಾಕು. ಈ ಹುಣ್ಣಿಗೆ ಐದು ತಿಂಗಳು ಸಾಲ್ದೇನಪ್ಪಾ?"

ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಬ್ಯಾಂಡೇಜು ಬಿಚ್ಚುತ್ತಾ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರೇ, ಶುರುವಿನಲ್ಲಿ ಇದು ಎಷ್ಟು ದೊಡ್ಡದಿತ್ತು?" ಚಿಕ್ಕಪ್ಪ ನಾಲ್ಕಾಣೆಯಷ್ಟು ಎಂದರು. ಚಿಕ್ಕಮ್ಮ "ಎಲ್ಲಿ ಬಂತು ನಾಲ್ಕಾಣೆ, ರೂಪಾಯಿಯಷ್ಟಿತ್ತು" ಎಂದರು. ಚೀಟಿಗಳನ್ನೆಲ್ಲ ತಿರುವಿದರೆ ಪ್ರತಿಯೊಂದರಲ್ಲೂ ಡ್ರೆಸಿಂಗ್ ಆಯಿತು ಎಂಬ ಒಂದೇ ಸಾಲು. 150 ದಿನ ಕಣ್ಣೆದುರಿಗಿದ್ದ ಹುಣ್ಣು ಕುಗ್ಗಿತೋ ಬೆಳೆಯಿತೋ ಹೇಳಲು ಭೂಮಿಯ ಮೇಲೆ ಒಂದು ದಾಖಲೆ ಇರಲಿಲ್ಲ. ಡಾಕ್ಟರು ಹುಣ್ಣನ್ನು ಶುದ್ಧ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲಿಟ್ಟು ಪೆನ್ನಿನಿಂದ ಅಂಚು ಬರೆದು ತಾರೀಖು ಹಾಕಿದರು. ಚಿಕ್ಕಪ್ಪನ ಕಾಲಿಗೆ ಭಾರ ಬೀಳದ ಏರ್ಪಾಡಾಯಿತು. ಆಮೇಲೆ ವಾರಕ್ಕೊಂದು ಹಾಳೆ. ಚೌಕ ಎಣಿಸುವ ಕೆಲಸ ನನ್ನದು. ನಾಲ್ಕನೆಯ ವಾರದ ಗೆರೆಯನ್ನು ಮೊದಲನೆಯದರ ಮೇಲಿಟ್ಟಾಗ ಎರಡೂ ಹೆಚ್ಚೂಕಡಿಮೆ ಒಂದರ ಮೇಲೊಂದು ಕೂತವು. ಭಾರ ಇಳಿಸಿಯೂ ಹೀಗಿದೆಯೆಂದರೆ ಒಳಗೆ ಬೇರೆ ಏನೋ ಇದೆ ಎಂದ ಡಾಕ್ಟರು ಉಕ್ಕಿನ ಸಲಾಕೆಯನ್ನು ಹುಣ್ಣಿನೊಳಗೆ ಮೆಲ್ಲಗೆ ಬಿಟ್ಟರು. ಅದು ಕಲ್ಲಿಗೆ ತಾಗಿದಂತೆ ಮೂಳೆಗೆ ತಾಗಿತು. ಈ ಸಲಾಕೆಯ ಪರೀಕ್ಷೆಗೂ 1995ರಲ್ಲಿ ಅಚ್ಚಾದ ಅಧ್ಯಯನವೊಂದರ ಬೆಂಬಲವಿದೆಯೆಂದು ನಾನು ನಂತರ ಓದಿ ತಿಳಿದೆ. ಎಕ್ಸ್‌ರೇಯಲ್ಲಿ ಬೆರಳಿನ ಮೂಳೆ ತಿಂದುಹೋಗಿತ್ತು. ಒಂದು ಬೆರಳು ಹೋಯಿತು, ಪಾದ ಉಳಿಯಿತು. ಬೆರಳು ತೆಗೆದ ಮೇಲಿನ ಹಾಳೆಗಳಲ್ಲಿ ಗೆರೆ ಒಳಗೊಳಗೇ ಸರಿಯುತ್ತಾ ಹೋಗಿದೆ, ಈರುಳ್ಳಿಯ ಸುತ್ತುಗಳ ಹಾಗೆ.

ಈಗ ಮೊಬೈಲಿನಲ್ಲಿ ಚಿತ್ರ ತೆಗೆದರೆ ಹುಣ್ಣಿನ ವಿಸ್ತೀರ್ಣ ಹೇಳುವ ತಂತ್ರಗಳು ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿಭಾಗದವರು ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯ ವೈದ್ಯರೊಡನೆ ಸೇರಿ ಒಂದು ಚಪ್ಪಲಿ ಮಾಡಿದ್ದಾರೆಂದು 2022ರಲ್ಲಿ ಸುದ್ದಿಯಾಯಿತು. ಅಟ್ಟೆಯಲ್ಲಿ ಚಿಕ್ಕ ಚಿಕ್ಕ ಕಮಾನುಗಳು. ಒಂದು ಜಾಗದಲ್ಲಿ ಒತ್ತಡ ಮಿತಿ ಮೀರಿದರೆ ಅಲ್ಲಿಯ ಕಮಾನು ತಟಕ್ಕನೆ ಒಳಮುಖವಾಗಿ ಮಗುಚಿ ಭಾರವನ್ನು ಪಕ್ಕಕ್ಕೆ ಹಂಚುತ್ತದೆ, ಒತ್ತಡ ಹೋದೊಡನೆ ಮೊದಲಿನಂತಾಗುತ್ತದೆ. ನೋವು ಮಾಡಬೇಕಾಗಿದ್ದ ಕೆಲಸವನ್ನು ಚಪ್ಪಲಿಗೆ ವಹಿಸಿದ್ದಾರೆ. ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು, ಇದನ್ನು ನೋಡಲು ಇರಲಿಲ್ಲ.

ಚಿಕ್ಕಪ್ಪನಿಗೆ ಸಿಕ್ಕಿದ್ದು ಎಂ.ಸಿ.ಆರ್. ಚಪ್ಪಲಿ. ತೋಟದಲ್ಲಿ ಹಾಕಿಕೊಳ್ಳಲು ತಕರಾರಿರಲಿಲ್ಲ. ತಕರಾರು ಬಂದದ್ದು ಹುಳು ಮನೆಯ ಬಾಗಿಲಲ್ಲಿ. ಹೊರಗಿನ ಚಪ್ಪಲಿ ಒಳಗೆ ಹೋದರೆ ಹುಳುವಿಗೆ ರೋಗ ತಗುಲುತ್ತದೆ, ಅದಕ್ಕೇ ನಮ್ಮಲ್ಲಿ ಎಲ್ಲರೂ ಬರಿಗಾಲಲ್ಲಿ ಒಳಹೋಗುವುದು. ಬರಿಗಾಲು ಕೂಡದೆಂದು ಡಾಕ್ಟರು, ಚಪ್ಪಲಿ ಕೂಡದೆಂದು ಹುಳು. ಎರಡು ದಿನ ಯೋಚಿಸಿ ಚಿಕ್ಕಮ್ಮನೇ ದಾರಿ ಕಂಡುಕೊಂಡರು. ಅದೇ ರಬ್ಬರಿನ ಇನ್ನೊಂದು ಜೊತೆ ಮಾಡಿಸಿ ಹುಳು ಮನೆಯ ಹೊಸ್ತಿಲ ಒಳಗೇ ಇಟ್ಟಿದ್ದಾರೆ. ಅದು ಹೊರಗೆ ಬರುವುದಿಲ್ಲ. ಪ್ರತಿ ಬೆಳೆಗೆ ಮುಂಚೆ ತಟ್ಟೆ ಚಂದ್ರಿಕೆಗಳ ಜೊತೆಯಲ್ಲಿ ಅದಕ್ಕೂ ಬ್ಲೀಚಿಂಗ್ ನೀರಿನ ಸ್ನಾನವಾಗುತ್ತದೆ. ರಾತ್ರಿ ಕೊನೆಯ ಸೊಪ್ಪು ಹಾಕಿ ಬಂದ ಮೇಲೆ ಚಿಕ್ಕಮ್ಮ ಬ್ಯಾಟರಿ ಬಿಟ್ಟುಕೊಂಡು ಅವರ ಎರಡು ಅಂಗಾಲನ್ನೂ ನೋಡುತ್ತಾರೆ.